ಆನಂದರಾವ್ ಕೌಂಡಿನ್ಯರೂ ಸಭಾಕೂಟವೂ

ದೇವರು ಎಲ್ಲೆಲ್ಲಿಯೂ ಇರುವಾಗ ಮನೆಯಲ್ಲಿಯೇ ಮೊಣಕಾಲೂರಿ ಪ್ರಾರ್ಥಿಸಿದರೆ ಸಾಲದೇ, ಆದಿತ್ಯವಾರದಲ್ಲಿ ದೇವಾಲಯಕ್ಕೆ ಹೋಗಿ ಎಲ್ಲರೊಡನೆ ಕೂಡುವುದು ಏತಕ್ಕೆ ಎಂದು ನಮ್ಮಲ್ಲಿ ಕೆಲವರು ಕೇಳುವುದುಂಟು. ತುಂಗಭದ್ರೆಯ ದಡದ ಹೊನ್ನಾಳಿ ಸೀಮೆಯವರಾದ ನಮಗೆ ಕೊಯ್ಲಿನ ಕಾಲದಲ್ಲಿ ಈ ಪ್ರಶ್ನೆಯು ಇನ್ನೂ ಬಲವಾಗಿ ತೋರುವುದು ಸಹಜ. ಇದಕ್ಕೆ ಉತ್ತರವನ್ನು ಕನ್ನಡನಾಡಿನ ಒಬ್ಬ ಭಕ್ತರ ಜೀವಿತದಿಂದ ತಿಳಿದುಕೊಳ್ಳೋಣ.

ಆನಂದರಾವ್ ಕೌಂಡಿನ್ಯರು 1825ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದರು. ಬಾಸೆಲ್ ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿರುವಾಗ ಸುವಾರ್ತೆಯು ಅವರ ಮನಸ್ಸಿಗೆ ನಾಟಿತು. ಆಗ ಅಲ್ಲಿದ್ದ ಹೆರ್ಮನ್ ಮೋಗ್ಲಿಂಗರು ಅವರಿಗೆ ಗುರುವೂ ಸ್ನೇಹಿತರೂ ಆದರು. ಮನೆಯೊಳಗೆ ಗುಟ್ಟಾಗಿ ಕ್ರಿಸ್ತನನ್ನು ನಂಬಿಕೊಂಡಿದ್ದರೆ ಅವರಿಗೆ ಯಾವ ನಷ್ಟವೂ ಆಗುತ್ತಿರಲಿಲ್ಲ. ಆದರೆ ಅವರು 1844ರ ಜನವರಿ 6ರಂದು ಇನ್ನಿಬ್ಬರೊಡನೆ ಸಭೆಯ ಮುಂದೆ ದೀಕ್ಷಾಸ್ನಾನ ಹೊಂದಿದರು. ಅವರಿಗೆ ಇನ್ನೂ ಇಪ್ಪತ್ತು ವರ್ಷ ತುಂಬಿರಲಿಲ್ಲ. ಪಟ್ಟಣದಲ್ಲಿ ದೊಡ್ಡ ಗದ್ದಲವೆದ್ದಿತು, ಬಂಧುಗಳು ದೂರವಾದರು, ಕೈಹಿಡಿದ ಹೆಂಡತಿಯೂ ಜೊತೆಗೆ ಬರಲಿಲ್ಲ. ಹುಟ್ಟಿದ ಮನೆಯ ಬಾಗಿಲು ಮುಚ್ಚಿದ ಮೇಲೆ ಅವರನ್ನು ಮಗನಂತೆ ಸೇರಿಸಿಕೊಂಡದ್ದು ಆ ಚಿಕ್ಕ ಸಭೆಯೇ. ಗುರುವಿನ ಹೆಸರನ್ನು ಧರಿಸಿ ಅವರು ಹೆರ್ಮನ್ ಆನಂದರಾವ್ ಕೌಂಡಿನ್ಯರಾದರು.

1846ರಲ್ಲಿ ಅವರು ಬಾಸೆಲ್ ಪಟ್ಟಣಕ್ಕೆ ಹೋಗಿ ವೇದಶಾಸ್ತ್ರವನ್ನು ಓದಿದರು. 1851ರಲ್ಲಿ ಅಭಿಷೇಕ ಹೊಂದಿ, ಆ ಮಿಷನ್ನಿಗೆ ಸೇರಿದ ಮೊದಲನೆಯ ಭಾರತೀಯ ಮಿಷನರಿಯಾಗಿ ಸ್ವದೇಶಕ್ಕೆ ಹಿಂದಿರುಗಿ, ಮಂಗಳೂರಿನ ವೇದಶಾಲೆಯಲ್ಲಿ ಉಪದೇಶಿಗಳಿಗೆ ಪಾಠ ಹೇಳಿದರು.

ಆ ದಿನಗಳಲ್ಲಿ ಮೋಗ್ಲಿಂಗರು ಕೊಡಗಿನಲ್ಲಿ ಸೇವೆಮಾಡುತ್ತಿದ್ದರು. ಅಲ್ಲಿ ಪರರ ಗದ್ದೆಗಳಲ್ಲಿ ಜೀತಕ್ಕಿದ್ದು ಅಸ್ಪೃಶ್ಯರೆನಿಸಿಕೊಂಡಿದ್ದ ಬಡವರು ಕ್ರಿಸ್ತನನ್ನು ನಂಬತೊಡಗಿದಾಗ, ಅವರಿಗೆ ನಿಲ್ಲಲು ನೆಲವೇ ಇರಲಿಲ್ಲ. ಅವರಿಗಾಗಿ ಆನಂದಪುರವೆಂಬ ಹಳ್ಳಿ ಎದ್ದಿತು. ಈ ಕಾರ್ಯಕ್ಕೆ ಕೌಂಡಿನ್ಯರು ತಮ್ಮ ಸ್ವಂತ ಹಣವನ್ನು ಕೊಟ್ಟರು. ಸಭೆಯೊಳಗೆ ಜಾತಿಭೇದಕ್ಕೆ ಸ್ಥಳವಿಲ್ಲವೆಂಬುದು ಬಾಸೆಲ್ ಮಿಷನ್ನಿನ ಕಟ್ಟುನಿಟ್ಟಾದ ನಿಯಮವಾಗಿತ್ತು. ಬ್ರಾಹ್ಮಣ ಮನೆಯಲ್ಲಿ ಹುಟ್ಟಿದವನೂ ಜೀತದಾಳಿನ ಮಗನೂ ಬೀದಿಯಲ್ಲಿ ಸಮೀಪಕ್ಕೆ ಬರಲಾಗದಿದ್ದ ಕಾಲದಲ್ಲಿ, ಕರ್ತನ ಮೇಜಿನ ಬಳಿ ಅವರಿಬ್ಬರೂ ಸಹೋದರರಾದರು. ಕೌಂಡಿನ್ಯರು 1893ರಲ್ಲಿ ಕರ್ತನಲ್ಲಿ ನಿದ್ರೆಹೋದರು.

ಪ್ರಿಯ ವಾಚಕರೇ, ನಮ್ಮ ಪ್ರಶ್ನೆಗೆ ಉತ್ತರವು ಇಲ್ಲಿದೆ. ಒಬ್ಬನೇ ಪ್ರಾರ್ಥಿಸಬಹುದು, ಹಾಗೆ ಪ್ರಾರ್ಥಿಸಲೂ ಬೇಕು. ಆದರೆ ಒಬ್ಬನೇ ಇದ್ದು ಯಾರಿಗೂ ಸಹೋದರನಾಗಲಾರನು. ಅಪೊಸ್ತಲರ ಕಾಲದ ವಿಶ್ವಾಸಿಗಳು ಬೋಧನೆಯಲ್ಲಿಯೂ ಅನ್ಯೋನ್ಯತೆಯಲ್ಲಿಯೂ ರೊಟ್ಟಿ ಮುರಿಯುವುದರಲ್ಲಿಯೂ ಪ್ರಾರ್ಥನೆಯಲ್ಲಿಯೂ ಒಟ್ಟಾಗಿದ್ದರೆಂದು ವೇದವು ತಿಳಿಸುತ್ತದೆ. ಇಬ್ರಿಯರಿಗೆ ಬರೆದ ಪತ್ರಿಕೆಯು ಕೂಡಿಬರುವುದನ್ನು ಬಿಡಬಾರದೆಂದು ಎಚ್ಚರಿಸುವುದು, ಒಬ್ಬರನ್ನೊಬ್ಬರು ಧೈರ್ಯಪಡಿಸಬೇಕಾದ ಕಾರಣದಿಂದಲೇ. ದೇವರನ್ನು ನಮ್ಮೆಲ್ಲರ ತಂದೆಯೆಂದು ಕರೆಯಲು ಕರ್ತನು ಕಲಿಸಿದನು. ಪಕ್ಕದಲ್ಲಿ ಕುಳಿತವನ ಸ್ವರವನ್ನು ಕೇಳುವಾಗ ಆ ಮಾತಿನ ಅರ್ಥವು ಚೆನ್ನಾಗಿ ತಿಳಿಯುವುದು.

ನಮ್ಮ ಸಭೆಗಳಲ್ಲಿಯೂ ನಂಬಿಕೆಯ ನಿಮಿತ್ತ ನಂಟರನ್ನು ಕಳೆದುಕೊಂಡವರು ಇರಬಹುದು. ಅಂಥವರು ಆದಿತ್ಯವಾರ ದೇವಾಲಯಕ್ಕೆ ಬಂದು ಬರಿಯ ಚಾಪೆಯನ್ನೇ ಕಂಡರೆ, ಅವರಿಗೆ ಮನೆಯೆಲ್ಲಿ? ಕೌಂಡಿನ್ಯರಿಗೆ ಬಾಗಿಲು ತೆರೆದಂತೆ ನಾವೂ ತೆರೆಯೋಣ. ದೇವಾಲಯವು ದೂರವಿದ್ದರೆ ಎರಡು ಮೂರು ಮನೆಯವರು ಒಂದು ಜಗುಲಿಯಲ್ಲಿಯಾದರೂ ಕೂಡೋಣ. ತನ್ನ ಹೆಸರಿನಲ್ಲಿ ಕೂಡಿದವರ ನಡುವೆ ಇರುವೆನೆಂದು ಕರ್ತನು ವಾಗ್ದಾನಮಾಡಿದ್ದಾನಲ್ಲವೇ?