ನೆಲದ ನಡೆಗೆ ಸಾಕ್ಷಿ ಬಿಟ್ಟುಹೋದವನು

ಮಾದನಹಿಪ್ಪರಗಾದ ಕರಿನೆಲದ ನಡುವೆ ನಿಂತವನಿಗೆ ಭೂಮಿಯಷ್ಟು ಸ್ಥಿರವಾದುದು ಬೇರೊಂದಿಲ್ಲವೆಂದೇ ತೋರುತ್ತದೆ. ಆದರೆ ನಮ್ಮ ಆಳಂದ ಸೀಮೆಯ ಉತ್ತರಕ್ಕಿರುವ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆಲ ನಡುಗಿ, ಆ ಭಾಗದ ಹಳ್ಳಿಗಳಲ್ಲಿ ಸುಮಾರು ಹತ್ತು ಸಾವಿರ ಜನರು ಕಲ್ಲುಮಣ್ಣಿನ ಮನೆಗಳಡಿಯಲ್ಲಿ ಅಸುನೀಗಿದರು. ನೆಲವೂ ಚಲಿಸುವುದೇ, ಚಲಿಸಿದರೆ ಅದನ್ನು ಅಳೆಯುವ ಬಗೆ ಹೇಗೆ ಎಂದು ಯೋಚಿಸುವಾಗಲೆಲ್ಲ ನನಗೆ ನೆನಪಾಗುವವನು ವಿಲಿಯಂ ಲ್ಯಾಂಬ್ಟನ್.

ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಬಡ ಮನೆತನದಲ್ಲಿ ಹುಟ್ಟಿದ ಈತನಿಗೆ ಗಣಿತವೇ ಆಸ್ತಿ. ಸೈನಿಕನಾಗಿ ಅಮೆರಿಕಕ್ಕೆ ಹೋಗಿ, ಅಲ್ಲಿ ಭೂಮಾಪನದಲ್ಲಿ ಪಳಗಿದನು. 1799ರಲ್ಲಿ ಶ್ರೀರಂಗಪಟ್ಟಣದ ಯುದ್ಧದಲ್ಲಿ ಪಾಲ್ಗೊಂಡನು. ಯುದ್ಧ ಮುಗಿದೊಡನೆ ಅವನು ಬೇಡಿದ್ದು ಜಹಗೀರನ್ನಲ್ಲ, ದಕ್ಷಿಣ ಭಾರತವನ್ನು ಕಡಲಿನಿಂದ ಕಡಲಿಗೆ ಅಳೆಯುವ ಅನುಮತಿಯನ್ನು. ಭೂಗೋಳದ ನಿಜವಾದ ಆಕಾರವನ್ನು ತಿಳಿಯಬೇಕೆಂಬುದೇ ಅವನ ಅಂತರಂಗದ ಹಂಬಲವಾಗಿತ್ತು.

1802ರ ಏಪ್ರಿಲ್ 10ರಂದು ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಉಕ್ಕಿನ ಸರಪಳಿ ಹಾಸಿ, ಏಳೂವರೆ ಮೈಲಿಯ ಆಧಾರರೇಖೆಯನ್ನು ಅಳೆಯತೊಡಗಿದನು. ಒಂದು ರೇಖೆಯ ಉದ್ದವೂ ಅದರ ತುದಿಗಳ ಕೋನಗಳೂ ತಿಳಿದರೆ ತ್ರಿಕೋನದ ಉಳಿದ ಬಾಹುಗಳು ಲೆಕ್ಕಕ್ಕೆ ಸಿಕ್ಕುತ್ತವೆ. ತ್ರಿಕೋನದಿಂದ ತ್ರಿಕೋನಕ್ಕೆ ಹೀಗೆ ದೇಶವನ್ನೇ ಹೆಣೆಯಬಹುದು. ಕೋನಗಳನ್ನು ಅಳೆಯಲು ಅರ್ಧ ಟನ್ ತೂಕದ ಥಿಯೊಡೊಲೈಟನ್ನು ಬೆಟ್ಟಗಳಿಗೂ ಗೋಪುರಗಳಿಗೂ ಏರಿಸಬೇಕಾಗಿತ್ತು. 1808ರಲ್ಲಿ ತಂಜಾವೂರಿನ ದೇವಾಲಯದಲ್ಲಿ ಹಗ್ಗ ಹರಿದು ಅದು ಜಖಂಗೊಂಡಾಗ, ತಾನೇ ವಾರಗಟ್ಟಲೆ ಕುಳಿತು ಸರಿಪಡಿಸಿದನು. 1815ರಲ್ಲಿ ನಮ್ಮ ಬೀದರದ ಬಳಿಯ ದಾಮರಗಿದ್ದಾದಲ್ಲಿ ಮತ್ತೊಂದು ಆಧಾರರೇಖೆಯನ್ನು ಅಳೆದಾಗ, ಕನ್ಯಾಕುಮಾರಿಯ ಕಡೆಯಿಂದ ಬಂದ ಅವನ ರೇಖೆ ಸುಮಾರು ಹತ್ತು ಅಕ್ಷಾಂಶಗಳನ್ನು ದಾಟಿತ್ತು. 1818ರಲ್ಲಿ ಜಾರ್ಜ್ ಎವರೆಸ್ಟ್ ಅವನ ಸಹಾಯಕನಾದನು. ಉತ್ತರಕ್ಕೆ ಸಾಗುತ್ತಲೇ 1823ರ ಜನವರಿ 20ರಂದು ಹಿಂಗನಘಾಟದಲ್ಲಿ ಲ್ಯಾಂಬ್ಟನ್ ತೀರಿಕೊಂಡನು.

ಕಾಲಿನಡಿಯ ನೆಲವೇ ತೇಲುತ್ತಿದೆಯೆಂಬುದನ್ನು ಅವನು ಅರಿಯಲಿಲ್ಲ. ಬಹುಶಃ ಅವನ ಕಾಲಕ್ಕೆ ಅದು ಸಾಧ್ಯವೂ ಇರಲಿಲ್ಲ: ಇಡೀ ದಕ್ಷಿಣವೇ ಒಟ್ಟಾಗಿ ಸರಿಯುವಾಗ ಅದರೊಳಗಿನ ತ್ರಿಕೋನ ಬದಲಾಗದು. ಅವನು ಆರಂಭಿಸಿದ ಮಾಪನವನ್ನು ಮುಂದಿನವರು ಪರಿಷ್ಕರಿಸಿದರು. ಅವರ ಗುರುತುಕಲ್ಲುಗಳನ್ನು 1994ರಲ್ಲಿ ಉಪಗ್ರಹಗಳ ನೆರವಿನಿಂದ ಮರಳಿ ಅಳೆದಾಗ, ದಕ್ಷಿಣದ ನೆಲ ತನ್ನೊಳಗೆ ಹೆಚ್ಚೇನೂ ವಿರೂಪಗೊಂಡಿಲ್ಲವೆಂದು ತಿಳಿಯಿತು. ಆದರೆ ಉಪಗ್ರಹದ ಕಣ್ಣಿಗೆ, ಭಾರತದ ಭೂಫಲಕವೇ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರಿನಂತೆ ಈಶಾನ್ಯಕ್ಕೆ ಸಾಗುತ್ತಿದೆ. ಅದರಲ್ಲಿ ಸುಮಾರು ಎರಡು ಸೆಂಟಿಮೀಟರು ಹಿಮಾಲಯದ ತಳದ ಮಹಾಸ್ತರಭಂಗದಲ್ಲಿ ಒತ್ತಡವಾಗಿ ಸಂಚಯಗೊಳ್ಳುತ್ತದೆ. ಆ ಲೆಕ್ಕದಲ್ಲಿ, ಮಧ್ಯೆ ಭೂಕಂಪವಾಗಿ ಅದು ಸಡಿಲಗೊಳ್ಳದೆ ಇದ್ದ ಕಡೆ, ಮದರಾಸಿನಲ್ಲಿ ಸರಪಳಿ ಹಾಸಿದಂದಿನಿಂದ ಸುಮಾರು ನಾಲ್ಕು ಮೀಟರಿನ ಸಾಲ ಏರಿದೆ. ಗಡಿಯಿಂದ ದೂರದ ಕಿಲ್ಲಾರಿಗೂ ಈ ಒತ್ತಡದ ಪಾಲು ತಟ್ಟುತ್ತದೆಂಬುದು ಭೂವಿಜ್ಞಾನಿಗಳ ಅಭಿಪ್ರಾಯ. 1897ರ ಅಸ್ಸಾಮಿನ ಮಹಾಭೂಕಂಪದ ಬಳಿಕವಂತೂ, ಬೆಟ್ಟಗಳು ಸ್ಥಾನಪಲ್ಲಟಗೊಂಡದ್ದನ್ನು ತೋರಿಸಿಕೊಟ್ಟದ್ದು ಅದೇ ಹಳೆಯ ತ್ರಿಕೋನಗಳ ಮರುಮಾಪನ.

ಮೊದಲೊಬ್ಬನು ಪ್ರಾಮಾಣಿಕವಾಗಿ ಅಳೆದಿಡದೆ ಎರಡನೆಯವನಿಗೆ ಚಲನೆ ಕಾಣದು. ತನ್ನ ಪ್ರಶ್ನೆಗೆಂದು ಅಳೆದ ಲ್ಯಾಂಬ್ಟನ್ ತಾನು ಊಹಿಸದ ಪ್ರಶ್ನೆಗೂ ಸಾಕ್ಷಿಯನ್ನು ಬಿಟ್ಟುಹೋದನು. ಶಾಲೆಯ ಮಕ್ಕಳಿಗೆ ಭೂಮಾಪನವನ್ನು ಕಲಿಸುವಾಗ, ಇಂದಿನ ಒಂದು ಅಳತೆಯ ಶುದ್ಧಿಯು ನೂರು ವರ್ಷದ ಮೇಲೆ ಯಾರದೋ ಪ್ರಾಣರಕ್ಷಣೆಗೆ ಒದಗೀತೆಂಬ ಮಾತನ್ನೂ ಹೇಳಿಕೊಡಬೇಕೆಂದು ನಾನು ಭಾವಿಸುತ್ತೇನೆ.