ಗುರುದತ್ ಕಾರಿಗೆ ಎಮ್ಮೆ ಅಡ್ಡ ಬಂದಾಗ

ಹೈದರಾಬಾದಿನಲ್ಲಿ ವಹೀದಾ ರೆಹಮಾನ್ ಹೆಸರೆತ್ತಿದರೆ ನಮ್ಮೂರ ಹುಡುಗಿ ಎನ್ನುವವರು ಈಗಲೂ ಸಿಗುತ್ತಾರೆ. ಹುಟ್ಟೂರು ತಮಿಳುನಾಡಿನ ಚೆಂಗಲ್ಪಟ್ಟು ಎಂದರೆ ಒಪ್ಪುವುದಿಲ್ಲ. ನಾನೂ ಬಿಡುವುದಿಲ್ಲ. ಆಕೆಯನ್ನು ಇಲ್ಲಿಂದ ಮುಂಬೈಗೆ ಕರೆಸಿಕೊಂಡ ಗುರುದತ್ ನಮ್ಮ ಬೆಂಗಳೂರಿನವರು ಎನ್ನುತ್ತೇನೆ. ಅವರು ಬಂಗಾಳಿ ಎಂದುಕೊಂಡವರೇ ಹೆಚ್ಚು. 1925ರ ಜುಲೈ 9ರಂದು ಬೆಂಗಳೂರಿನಲ್ಲಿ ಹುಟ್ಟಿದ, ಕೊಂಕಣಿ ಮನೆಮಾತಿನ ಪಡುಕೋಣೆ ಮನೆತನದ ಹುಡುಗ. ಬೆಳೆದದ್ದು ಕಲ್ಕತ್ತೆಯಲ್ಲಿ, ಗೊಂದಲ ಅಲ್ಲಿಂದ ಶುರು.

1955ರಲ್ಲಿ ತೆಲುಗಿನ ಮಿಸ್ಸಮ್ಮ ಭಾರೀ ಓಡುತ್ತಿತ್ತು. ಅದನ್ನು ಹಿಂದಿಗೆ ತರಬಹುದೇ ಎಂದು ನೋಡಲು ಗುರುದತ್, ಅಬ್ರಾರ್ ಅಲ್ವಿ ಮುಂಬೈಯಿಂದ ಕಾರಿನಲ್ಲೇ ಹೊರಟರು. ದಾರಿಯಲ್ಲಿ ಎಮ್ಮೆಗೆ ಡಿಕ್ಕಿ ಹೊಡೆದು ಕಾರು ಜಖಂ ಆಯಿತಂತೆ. ರಿಪೇರಿ ಮುಗಿಯುವವರೆಗೆ ಇಲ್ಲೇ ಉಳಿಯಬೇಕಾಯಿತು. ಮಿಸ್ಸಮ್ಮ ಕೈಗೆತ್ತಿಕೊಳ್ಳಲಿಲ್ಲ. ಆದರೆ ವಿತರಕರೊಬ್ಬರ ಕಚೇರಿಯಲ್ಲಿ ಕೂತಿದ್ದಾಗ ಹೊರಗೆ ಜನರ ಗದ್ದಲ ಕೇಳಿತು. ರೋಜುಲು ಮಾರಾಯಿ ಚಿತ್ರದ ಒಂದು ಹಾಡಿಗೆ ಕುಣಿದು ಮನೆಮಾತಾಗಿದ್ದ ವಹೀದಾ ಬಂದಿದ್ದರು. ಉರ್ದು ಬರುತ್ತದೆ ಎಂದು ತಿಳಿದಾಗ ಗುರುದತ್ ಭೇಟಿಯಾದರು, ಹೆಚ್ಚು ಮಾತಾಡಲಿಲ್ಲ. ಕೆಲವು ತಿಂಗಳ ಮೇಲೆ ಮುಂಬೈಯಿಂದ ಕರೆ ಹೋಯಿತು.

ಹುಡುಗಿಗೆ ಆಗ ಹದಿನೇಳು. ಕರಾರಿಗೆ ತಾಯಿ ಸಹಿ ಹಾಕಬೇಕು. ಹೆಸರು ಉದ್ದವಾಯಿತು, ಬದಲಿಸೋಣ ಎಂದು ಸಿ.ಐ.ಡಿ.ಯ ನಿರ್ದೇಶಕ ರಾಜ್ ಖೋಸ್ಲಾ ಹಟ ಹಿಡಿದರು. ವಹೀದಾ ಒಪ್ಪಲಿಲ್ಲ, ಇಷ್ಟವಿಲ್ಲದ ಉಡುಪು ತೊಡುವುದಿಲ್ಲ ಎಂದೂ ಬರೆಸಿಕೊಂಡರು. ಹೊಸಬಳ ಷರತ್ತುಗಳಿಗೆ ನಿರ್ಮಾಪಕ ಗುರುದತ್ ತಲೆಯಾಡಿಸಿದ್ದು ನನಗೆ ಈಗಲೂ ಸೋಜಿಗ.

ಸಿ.ಐ.ಡಿ. ಅಪ್ಪಟ ಪತ್ತೇದಾರಿ ಚಿತ್ರ. ಪತ್ರಿಕಾ ಸಂಪಾದಕನ ಕೊಲೆ, ತನಿಖೆಗಿಳಿದ ಇನ್ಸ್‌ಪೆಕ್ಟರ್ ಶೇಖರನ ಮೇಲೇ ಲಾಕಪ್ ಸಾವಿನ ಆರೋಪ, ಖಳನ ಕಡೆಯವಳಾಗಿ ವಹೀದಾ. ಶೇಖರ್ ಪಾತ್ರ ದೇವ್ ಆನಂದ್ ಅವರದು. ಪುಣೆಯ ಪ್ರಭಾತ್ ಸ್ಟುಡಿಯೊದಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಅವಕಾಶ ಕೊಡುವ ಮಾತು ಕೊಟ್ಟುಕೊಂಡಿದ್ದರು. ದೇವ್ 1951ರ ಬಾಜಿಯಲ್ಲಿ ಅದನ್ನು ಉಳಿಸಿಕೊಂಡಿದ್ದರು, ಈಗ ಗುರುದತ್ ಸರದಿ. ನಿರ್ದೇಶನವನ್ನು ಮಾತ್ರ ತಾವಿಟ್ಟುಕೊಳ್ಳದೆ ಶಿಷ್ಯ ಖೋಸ್ಲಾಗೆ ಬಿಟ್ಟರು. ಖೋಸ್ಲಾರ ಮೊದಲ ಚಿತ್ರ ಮಿಲಾಪ್ ಸೋತಿತ್ತು, ಇನ್ನೊಬ್ಬರಾದರೆ ನಂಬುತ್ತಿದ್ದರೋ ಇಲ್ಲವೋ.

1956ರಲ್ಲಿ ತೆರೆಕಂಡ ಚಿತ್ರ ಭರ್ಜರಿ ಗೆದ್ದಿತು. ಓ.ಪಿ. ನಯ್ಯರ್ ಹಾಡುಗಳು ಬೀದಿಬೀದಿಯಲ್ಲಿ ಕೇಳಿದವು. ಖುಷಿಗೆ ಗುರುದತ್ ಖೋಸ್ಲಾಗೆ ಕಾರನ್ನೇ ಉಡುಗೊರೆ ಕೊಟ್ಟರಂತೆ. ಮರುವರ್ಷ ತಮ್ಮ ಮನಸ್ಸಿನ ಪ್ಯಾಸಾವನ್ನು ಅದೇ ವಹೀದಾ ಜೊತೆ ತೆರೆಗೆ ತಂದರು.

ಆಮೇಲೆ 1959. ಸಿನಿಮಾಸ್ಕೋಪಿನಲ್ಲಿ ತೆಗೆದ ಕಾಗಜ್ ಕೆ ಫೂಲ್ ನೆಲಕಚ್ಚಿತು. ಅದಾದ ಮೇಲೆ ಯಾವ ಚಿತ್ರಕ್ಕೂ ಅವರು ನಿರ್ದೇಶಕರೆಂದು ಹೆಸರು ಹಾಕಿಕೊಳ್ಳಲಿಲ್ಲ. ಚೌದವೀ ಕಾ ಚಾಂದ್‌ಗೆ ಎಂ. ಸಾದಿಕ್, ಸಾಹಿಬ್ ಬೀಬಿ ಔರ್ ಗುಲಾಮ್‌ಗೆ ಅಲ್ವಿ. ಸಿ.ಐ.ಡಿ.ಯಲ್ಲಿ ಶಿಷ್ಯನ ಮೇಲಿನ ಪ್ರೀತಿಯಿಂದ ಹಿಂದೆ ಸರಿದಿದ್ದ ಮನುಷ್ಯ, ಈಗ ಸೋಲಿನ ಅಂಜಿಕೆಯಿಂದ ಸರಿದರು ಎಂದೇ ನನಗನ್ನಿಸುತ್ತದೆ. 1964ರ ಅಕ್ಟೋಬರ್ 10ರಂದು ತೀರಿಕೊಂಡಾಗ ವಯಸ್ಸು 39.

ಅವರು ಕನ್ನಡದಲ್ಲಿ ಚಿತ್ರ ಮಾಡಲಿಲ್ಲ. ಆದರೂ ಸಿ.ಐ.ಡಿ. ಹಾಕಿದಾಗಲೆಲ್ಲ ನಾನು ಮೊದಲು ಹುಡುಕುವುದು ಛಾಯಾಗ್ರಾಹಕರ ಹೆಸರನ್ನು: ಮೈಸೂರಿನ ವಿ.ಕೆ. ಮೂರ್ತಿ.