ಮೊದಲು ಊಟ, ಆಮೇಲೆ ಪಾಠ



ಕಾಸರಗೋಡು ಸೀಮೆಯ ಕುದ್ಮುಲ್‌ನಲ್ಲಿ 1859ರಲ್ಲಿ ಹುಟ್ಟಿದ ರಂಗರಾಯರು ಸಾರಸ್ವತ ಬ್ರಾಹ್ಮಣರು, ಮಂಗಳೂರಿನಲ್ಲಿ ವಕೀಲರು. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ನಮ್ಮ ಜನರ ಮಕ್ಕಳಿಗೆಂದೇ ಶಾಲೆ ತೆರೆದರು. ಬಾಬಾಸಾಹೇಬರಿಗೆ ಆಗ ಒಂದು ವರ್ಷದ ಪ್ರಾಯ.

ಶಾಲೆ ತೆರೆದ ಮಾತ್ರಕ್ಕೆ ಮಕ್ಕಳು ಬಂದುಬಿಡಲಿಲ್ಲ. ಇವರಿಗೆ ಓದಿನ ಆಸೆಯೇ ಇಲ್ಲ ಎಂದು ಕೈಬಿಡಬಹುದಿತ್ತು (ಇಂದಿಗೂ ಎಷ್ಟೋ ಮೇಷ್ಟ್ರ ಬಾಯಲ್ಲಿ ಅದೇ ಮಾತು). ರಾಯರು ಮನೆಯ ಕಷ್ಟ ನೋಡಿದರು. ಬಂದ ಮಗುವಿಗೆ ಮಧ್ಯಾಹ್ನದ ಊಟ ಹಾಕಿದರು, ದಿನಕ್ಕೆ 2 ಪೈಸೆಯನ್ನೂ ಕೊಟ್ಟರು. ಆಳವಿಯಲ್ಲಿ ಭಗವಾನರು, ಕಳೆದ ಎತ್ತನ್ನು ಹುಡುಕಿ ಹಸಿದು ಬಂದ ಬಡ ರೈತನಿಗೆ ಮೊದಲು ಊಟ ಹಾಕಿಸಿ ಆಮೇಲೆ ಧಮ್ಮ ಬೋಧಿಸಿದ್ದು ನೆನಪಿದೆಯಲ್ಲ.

ಮಾಗಡಿ, ಕನಕಪುರದ ಕಡೆ ನಮ್ಮ ಭಾನುವಾರದ ತರಗತಿಗೆ ಬಾರದ ಮಗು ರೇಷ್ಮೆಹುಳುವಿಗೆ ಸೊಪ್ಪು ಕೊಯ್ಯಲು ಹೋಗಿರಬಹುದು. ಮನೆಗೆ ಹೋಗಿ ವಿಚಾರಿಸಿದ್ದೇವೆಯೇ?

ಸ್ವಜಾತಿಯವರು ರಾಯರನ್ನು ಬಹಿಷ್ಕರಿಸಿದರು. ಅವರು ನಿಲ್ಲಿಸಲಿಲ್ಲ, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ತಮ್ಮಲ್ಲಿ ಓದಿದ ಮಗು ಸರ್ಕಾರಿ ಕೆಲಸಕ್ಕೆ ಸೇರಿ ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ತಮ್ಮ ತಲೆಗೆ ತಾಗಬೇಕು ಎಂಬುದು ಅವರ ಆಸೆ. 1928ರಲ್ಲಿ ತೀರಿಕೊಂಡರು. ಮಂಗಳೂರಿನ ನಂದಿಗುಡ್ಡೆಯ ಸಮಾಧಿಯ ಮೇಲೆ ಕೆತ್ತಿರುವುದೂ ಅದೇ ಆಸೆಯನ್ನು.